ಆ ಕಡೆ ಚಂದ್ರ ಹುಟ್ಟುವುದಿಲ್ಲ

ಹೋದ ವಾರ ದಾಸವಾಳದ ಗಿಡ ನೆಡಲೆಂದು ಶಿವಮೊಗ್ಗದ ನಮ್ಮ ಮನೆಯ ಹಿಂದೆ ಗುಂಡಿ ತೆಗೆಸುತ್ತಿದ್ದೆ. ಗುದ್ದಲಿಗೆ ಠಣ್ಣೆಂದು ಏನೋ ಸಿಕ್ಕಿತು. ಮುಷ್ಟಿಗಾತ್ರದ ಬೂದು ಕಲ್ಲು, ಮೈತುಂಬ ತೂತು. ಸೈಟಿಗೆ ಹಿಂದೆ ತುಂಬಿಸಿದ ಮಣ್ಣು ಭದ್ರಾವತಿ ಕಡೆಯದು, ಅದರ ಜೊತೆಗೇ ಬಂದಿರಬೇಕು. ಗುಂಡಿ ತೆಗೆಯುತ್ತಿದ್ದಾತ ಅದನ್ನು ನಲ್ಲಿಯಡಿ ತೊಳೆದು, "ಚಂದ್ರನ ಮೇಲಿನ ಕಲ್ಲಿದ್ದಂಗಿದೆ ನೋಡಿ ಅಮ್ಮ" ಎಂದು ನನ್ನ ಕೈಗಿಟ್ಟ. ಒದ್ದೆ ಕಲ್ಲಿನಿಂದ ಗಂಧಕದ ಸಣ್ಣ ವಾಸನೆ ಬಂತು. ಅದು ಸ್ಲ್ಯಾಗು. ಕಬ್ಬಿಣ ಕರಗಿಸಿದ ಮೇಲೆ ಕುಲುಮೆಯಲ್ಲಿ ಉಳಿಯುವ ಕಸ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಆ ವಾಸನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆ ನೆನಪಾದರು...

ಅತ್ತೆ ಎಂದರೆ ನೆಂಟರೇನಲ್ಲ. ಅವರ ಮನೆಗೂ ನಮ್ಮ ಮನೆಗೂ ಇದ್ದದ್ದು ಒಂದೇ ಗೋಡೆ. ಈಚೆ ನಾನು ಸೀನಿದರೆ ಆಚೆಯಿಂದ ಅವರು "ನೂರು ವರ್ಷ" ಎನ್ನುತ್ತಿದ್ದರು. ಹೊಳೆಹೊನ್ನೂರಿನ ಹೆಣ್ಣು, ಮಾತು ಕಮ್ಮಿ, ಹಟ ಜಾಸ್ತಿ. ಮಾವನಿಗೆ ಕಾರ್ಖಾನೆಯಲ್ಲಿ ಕೆಲಸ. ಕುದಿಯುವ ಸ್ಲ್ಯಾಗನ್ನು ಕುಲುಮೆಯಿಂದ ಒಯ್ದು ದೂರದ ದಿಬ್ಬದ ಮೇಲಿಂದ ಸುರಿಯುವ ತಂಡದಲ್ಲಿದ್ದರು. ಸುರಿದಾಗಲೆಲ್ಲ ಆ ಕಡೆಯ ಆಕಾಶ ಕೆಂಪಾಗುತ್ತಿತ್ತು. ಹೊಸದಾಗಿ ಬಂದ ನೆಂಟರು ಎಲ್ಲೋ ಬೆಂಕಿ ಬಿತ್ತೆಂದು ಗಾಬರಿಯಾದರೆ ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು.

ಅತ್ತೆಗೆ ಒಬ್ಬಳೇ ಮಗಳು, ನನ್ನ ಓರಗೆಯವಳು. ನಮ್ಮ ಕ್ವಾರ್ಟರ್ಸ್ ಸಾಲಿನವರೆಲ್ಲ ಅವಳನ್ನು ಪುಟ್ಟಿ ಎನ್ನುತ್ತಿದ್ದೆವು. ನಾಲ್ಕು ಹೆಜ್ಜೆ ಓಡಿದರೆ ಸಾಕು, ನೇರಳೆ ಹಣ್ಣು ತಿಂದವಳ ಹಾಗೆ ಅವಳ ತುಟಿ ನೀಲಿಯಾಗುತ್ತಿತ್ತು. ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತು ಏದುಸಿರು ಬಿಡುತ್ತಿದ್ದಳು. ಎದೆಯಲ್ಲಿ ತೂತಿದೆ ಎಂದು ವೇಲೂರಿನ ಡಾಕ್ಟರು ಹೇಳಿದ್ದರು. ಆಪರೇಷನ್ ಮಾಡೋಣ, ಆದರೆ ಮೈಯಲ್ಲಿ ಸ್ವಲ್ಪ ಶಕ್ತಿ ಬರಲಿ, ಮಳೆಗಾಲ ಕಳೆದ ಮೇಲೆ ಕರೆದುಕೊಂಡು ಬನ್ನಿ ಎಂದಿದ್ದರಂತೆ. ಅಲ್ಲಿಯವರೆಗೆ ಮಗುವನ್ನು ಉಳಿಸಿಕೊಳ್ಳಬೇಕು. ಅತ್ತೆಗೆ ಆ ವರ್ಷ ಬೇರೆ ಯಾವ ಯೋಚನೆಯೂ ಇರಲಿಲ್ಲ. ಅದಕ್ಕೇ ಸಂಕಷ್ಟಿ ಹಿಡಿದಿದ್ದರು. ತಿಂಗಳಿಗೊಮ್ಮೆ, ಹುಣ್ಣಿಮೆ ಕಳೆದ ಚೌತಿಯ ದಿನ, ಹನಿ ನೀರೂ ಮುಟ್ಟದೆ ಇದ್ದು, ಗಣಪತಿಗೆ ಗರಿಕೆ ಏರಿಸಿ, ಚಂದ್ರ ಹುಟ್ಟಿದ್ದನ್ನು ನೋಡಿ ಅರ್ಘ್ಯ ಬಿಟ್ಟ ಮೇಲೆಯೇ ಊಟ.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿಯನ್ನು ನಮ್ಮ ಸಾಲಿನವರು ಕೇಳಿದ್ದು ನಮ್ಮ ಮನೆಯ ರೇಡಿಯೋದಲ್ಲಿ, ಒಂದು ಸೋಮವಾರ ಬೆಳಿಗ್ಗೆ. ರಾತ್ರಿ ಪಾಳಿ ಮುಗಿಸಿ ಬಂದವರು ಟಿಫನ್ ಕ್ಯಾರಿಯರ್ ಹಿಡಿದುಕೊಂಡೇ ಜಗಲಿಯಲ್ಲಿ ನಿಂತಿದ್ದರು. ಅರ್ಧ ಜನ ನಂಬಿದರು, ಅರ್ಧ ಜನ ಎಲ್ಲ ಬುರುಡೆ ಎಂದರು. ಹಿರಿಯರೊಬ್ಬರು ಚಂದ್ರ ಮೈಲಿಗೆಯಾದ ಎಂದು ಸ್ನಾನಕ್ಕೆ ಹೊರಟರು. ಮೈತುಂಬ ಮಸಿ ಮೆತ್ತಿಕೊಂಡಿದ್ದ ಅವರು ಹೇಗೂ ಸ್ನಾನ ಮಾಡಲೇಬೇಕಿತ್ತು. ಇನ್ನು ಸಂಕಷ್ಟಿ ಗಿಂಕಷ್ಟಿ ಎಲ್ಲ ಮುಗೀತು, ಬೂಟುಗಾಲಲ್ಲಿ ತುಳಿದ ಕಲ್ಲಿಗೆ ಯಾರು ಕೈಮುಗೀತಾರೆ ಎಂದು ಇನ್ನೊಬ್ಬರು ನಕ್ಕರು.

ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಅತ್ತೆ ಮಾತ್ರ ನಗಲಿಲ್ಲ. ಎಲ್ಲರೂ ಚದುರಿದ ಮೇಲೆ ನನ್ನ ಅಪ್ಪನನ್ನು ಕೇಳಿದರು: "ಅಣ್ಣ, ಅಷ್ಟು ದೂರ ಹೋಗಿ ಇಳಿದೋರಿಗೆ ಒಂದು ಮಗು ಎದೇಲಿರೋ ತೂತು ಮುಚ್ಚಕ್ಕಾಗಲ್ವಾ?"

ಅಪ್ಪ ರೇಡಿಯೋದ ಕಿವಿ ಹಿಂಡುತ್ತಿದ್ದವನು ತಿರುಗಿ ನೋಡಿ, "ಆಗುತ್ತಮ್ಮ, ಯಾಕಾಗಲ್ಲ" ಎಂದ.

ಅಷ್ಟು ಸಾಕಾಯಿತು. ಮುಂದಿನ ದಿನಗಳಲ್ಲಿ ಅತ್ತೆಯ ಮುಖವೇ ಬೇರೆಯಾಗಿತ್ತು. ಅಪ್ಪ ಪೇಪರು ಓದಿ ಹೇಳುವುದನ್ನು ಕೇಳಲು ತಾಯಿಯೂ ಮಗಳೂ ಬಂದು ಕೂರುತ್ತಿದ್ದರು. ಚಂದ್ರನ ಮೇಲೆ ಮೈ ಹಗುರವಂತೆ, ಒಂದು ಹೆಜ್ಜೆ ಇಟ್ಟರೆ ತೇಲಿಕೊಂಡು ಹೋಗುತ್ತಾರಂತೆ, ನಾವು ದೊಡ್ಡವರಾಗುವ ಹೊತ್ತಿಗೆ ಎಲ್ಲರೂ ಹೋಗಿಬರಬಹುದಂತೆ. ಪುಟ್ಟಿ ಬಹಳ ಯೋಚಿಸಿ, "ಅಲ್ಲಿ ನಡೆದ್ರೆ ಏದುಸಿರು ಬರಲ್ವಾ ಮಾಮ?" ಎಂದು ಕೇಳಿದ್ದಳು. ಬರಲ್ಲ ಎಂದಿದ್ದ ಅಪ್ಪ. ಆಪರೇಷನ್ ಆದ ಮೇಲೆ ನಾವಿಬ್ಬರೂ ಹೋಗುವುದೆಂದು ತೀರ್ಮಾನವಾಯಿತು. ಬುತ್ತಿಗೆ ಚಿತ್ರಾನ್ನವೋ ಪುಳಿಯೋಗರೆಯೋ ಎಂಬುದೊಂದೇ ಇತ್ಯರ್ಥವಾಗಿರಲಿಲ್ಲ.

ಆಮೇಲೆ ಬಂದದ್ದು ಆ ಸಂಕಷ್ಟಿ. ಬೆಳಗಿನಿಂದ ಮಳೆ. ಚಂದ್ರ ಕಾಣದ ದಿನ ಪಂಚಾಂಗದಲ್ಲಿರುವ ಹೊತ್ತಿಗೆ ಪೂರ್ವಕ್ಕೆ ತಿರುಗಿ ಅರ್ಘ್ಯ ಬಿಟ್ಟು ಊಟ ಮಾಡುವುದು ರೂಢಿ. ಮಳೆಗಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಅಮ್ಮ ಗೋಡೆಯಾಚೆಯಿಂದ ಎರಡು ಸಲ ಹೇಳಿದಳು, "ಹೊತ್ತಾಯ್ತು ಮಾರಾಯ್ತಿ, ಅರ್ಘ್ಯ ಬಿಟ್ಟು ಊಟ ಮಾಡು." ಅತ್ತೆ ಒಪ್ಪಲಿಲ್ಲ. ಈ ಸಲ ಕಣ್ಣಾರೆ ನೋಡಲೇಬೇಕು ಎಂದರು. ಮನುಷ್ಯರು ಮುಟ್ಟಿ ಬಂದ ಚಂದ್ರ, ಈಗ ಕೇಳಿಕೊಂಡರೆ ಕೇಳಿಸಿಕೊಳ್ಳದೆ ಇರುತ್ತಾನೆಯೇ ಎಂಬುದು ಅವರ ಲೆಕ್ಕ.

ಮಳೆ ನಿಂತು ತುಂತುರಾದಾಗ ಮೋಡದ ಹಿಂದೆ ಬೆಳಕು ಕಾಣಿಸಿತು. ಗುಂಡಗೆ, ಹಾಲು ಚೆಲ್ಲಿದ ಹಾಗೆ. ಅತ್ತೆ ಪುಟ್ಟಿಯನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು, ಅವಳ ಕೈಯಿಂದಲೇ ಅರ್ಘ್ಯ ಬಿಡಿಸಿದರು. ನಮ್ಮ ಜಗಲಿಯಿಂದ ಅಮ್ಮನೂ ಕೈಮುಗಿದಳು, ನಾನೂ ಮುಗಿದೆ. ಅವತ್ತು ಅತ್ತೆ ಅನ್ನಕ್ಕೆ ಎರಡು ಸಲ ಸಾರು ಹಾಕಿಕೊಂಡ ಸದ್ದೂ ಗೋಡೆಯಾಚೆ ಕೇಳಿಸಿತು.

ಎರಡನೇ ಪಾಳಿ ಮುಗಿಸಿ ಮಾವ ಬಂದರು. ಅತ್ತೆ ಸಂಭ್ರಮದಿಂದ ಬೆಳಕು ಕಂಡ ಕಡೆಗೆ ಕೈ ತೋರಿಸಿದರು. ಮಾವ ಆ ಕಡೆ ನೋಡಿದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

"ಆ ಕಡೆ ಚಂದ್ರ ಹುಟ್ಟಲ್ಲ ಕಣೆ. ಅದು ನಾವು ಸುರಿದಿದ್ದು."

ದಿನಾ ಸ್ಲ್ಯಾಗಿನ ಬೆಳಕು ನೋಡುವವರು ಹೀಗೆ ಮೋಸ ಹೋಗುವುದೇ ಎಂದು ನೀವು ಕೇಳಬಹುದು. ಹಳೆಯ ದಿಬ್ಬ ಮಳೆಗೆ ಜರಿದಿತ್ತು; ಅವತ್ತೇ ಮೊದಲ ಸಲ ಬೇರೆ ಕಡೆ ಸುರಿದಿದ್ದರು, ಚಂದ್ರ ಹುಟ್ಟುವ ದಿಕ್ಕಿಗೆ ಸ್ವಲ್ಪ ಎಡಕ್ಕೆ. ದಟ್ಟ ಮೋಡ ಅದರ ಕೆಂಪನ್ನೆಲ್ಲ ಕುಡಿದಿತ್ತು. ಇಡೀ ದಿನ ಉಪವಾಸವಿದ್ದು ಕಾದ ಕಣ್ಣಿಗೆ ಇನ್ನೇನು ಕಂಡೀತು?

ಅತ್ತೆ ಮರುದಿನವೂ ಉಪವಾಸ ಕೂತರು. ಆ ಸಂಜೆಯೂ ಮೋಡ. ಅದರ ಮರುದಿನ ಅಮ್ಮ ಕೈಹಿಡಿದು ಬೇಡಿಕೊಂಡ ಮೇಲೆ ಒಂದು ಲೋಟ ಗಂಜಿ ಕುಡಿದರು. ಅಷ್ಟರಲ್ಲಿ ಪುಟ್ಟಿಗೆ ಕೆಮ್ಮು ಶುರುವಾಗಿತ್ತು. ತುಂತುರಿನಲ್ಲಿ ನೆನೆದದ್ದಕ್ಕೋ, ಆ ಮಳೆಗಾಲದಲ್ಲಿ ಊರಿಗೆಲ್ಲ ಬಂದ ಕೆಮ್ಮೋ, ಯಾರು ಹೇಳಬಲ್ಲರು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಮಳೆಗಾಲ ಮುಗಿಯಲಿಲ್ಲ, ಪುಟ್ಟಿ ಮುಗಿದಳು.

ಅತ್ತೆ ಅಳಲಿಲ್ಲ. ಗೋಡೆಗೆ ಒರಗಿ ಕೂತು, ನಾನು ಕಸಕ್ಕೆ ಕೈಮುಗಿದೆ, ಮಗೂ ಕೈಲೂ ಮುಗಿಸಿದೆ ಎಂದು ಅದನ್ನೇ ಹೇಳುತ್ತಿದ್ದರು. ಅವರಿಗೆ ಸಮಾಧಾನ ಹೇಳಲು ಹೋದ ಅಪ್ಪ ತನಗೆ ತಿಳಿದದ್ದನ್ನು ಹೇಳಿದ. ಚಂದ್ರನೂ ಬರೀ ಕಲ್ಲು ಮಣ್ಣೇ ಅಮ್ಮ, ಹೋಗಿ ನೋಡಿ ಬಂದವರೇ ಹೇಳಿದ್ದಾರೆ, ನೀನು ಯಾವುದಕ್ಕೆ ಕೈಮುಗಿದರೂ ಒಂದೇ, ನಿನ್ನ ತಪ್ಪೇನೂ ಇಲ್ಲ ಎಂದ.

ಅತ್ತೆ ತಲೆಯೆತ್ತಿ ನೋಡಿದರು. "ಹಂಗಾದ್ರೆ ನಾನು ಯಾರನ್ನ ಕೇಳ್ಕೋಬೇಕಿತ್ತು ಅಣ್ಣ?"

ಅಪ್ಪ ಎದ್ದ. ಮನೆಗೆ ಬಂದು ರೇಡಿಯೋದ ಮೇಲೆ ಟವೆಲ್ ಹೊದಿಸಿದ. ಮುಂದೆ ಇನ್ನೂ ಯಾರು ಯಾರೋ ಚಂದ್ರನಿಗೆ ಹೋದರು. ನಮ್ಮ ಸಾಲಿನಲ್ಲಿ ಯಾರೂ ಆ ಸುದ್ದಿ ಎತ್ತಲಿಲ್ಲ.

ಮಾವ ಮೇಲಿನವರನ್ನು ಕೇಳಿಕೊಂಡು ಬೇರೆ ವಿಭಾಗಕ್ಕೆ ಹೋದರು. ಅವರು ತೀರಿಕೊಂಡ ಮೇಲೆ ಅತ್ತೆ ಆಯನೂರಿನ ತಮ್ಮನ ಮನೆ ಸೇರಿದರು. ತುಂಬಿದ ಮನೆ, ಚೆನ್ನಾಗಿಯೇ ನೋಡಿಕೊಂಡರು. ಆದರೆ ಕತ್ತಲಾದ ಮೇಲೆ ಅತ್ತೆ ಅಂಗಳಕ್ಕೆ ಇಳಿಯುವುದಿಲ್ಲ ಎಂದು ಆ ತಮ್ಮನ ಹೆಂಡತಿ ಒಮ್ಮೆ ನನಗೆ ಹೇಳಿದ್ದರು. ಕಾರಣ ಆಕೆಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ಸಂಜೆ ನಮ್ಮ ಬೀದಿಯಲ್ಲೆಲ್ಲ ಪಟಾಕಿ. ನಾನು ಟಿ.ವಿ. ಮುಂದೆ ಕೂತು ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡರು ಮನೆಯವರು. ಮರುದಿನ ಬಸ್ಸು ಹತ್ತಿ ಆಯನೂರಿಗೆ ಹೋದೆ. ಅತ್ತೆಗೆ ಕಣ್ಣು ಮಂಜಾಗಿತ್ತು, ನನ್ನ ದನಿಯಿಂದ ಗುರುತು ಹಿಡಿದರು. ಸುದ್ದಿ ಆಗಲೇ ಕೇಳಿದ್ದರು. ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಸವರಿದರು. ಆಮೇಲೆ ಕೇಳಿದರು.

"ಅಲ್ಲಿ ನಡೆದ್ರೆ ಏದುಸಿರು ಬರಲ್ವಂತಾ?"

"ಬರಲ್ಲ ಅತ್ತೆ" ಎಂದೆ. ಅಲ್ಲಿ ಉಸಿರಾಡಲು ಗಾಳಿಯೇ ಇಲ್ಲ ಎಂದು ಹೇಳುವುದು ನನ್ನಿಂದಾಗಲಿಲ್ಲ.

ಅತ್ತೆ ಹೋಗಿ ಈಗ ಒಂದು ವರ್ಷವಾಯಿತು. ಎದೆಯ ತೂತು ಮುಚ್ಚುವುದು ಈಗ ದೊಡ್ಡ ಮಾತಲ್ಲ. ನಮ್ಮ ಹಿಂದಿನ ಬೀದಿಯ ಮಗುವೊಂದಕ್ಕೆ ಹಾಗೆ ಮುಚ್ಚಿಸಿಕೊಂಡು ಬಂದಿದ್ದಾರೆ. ಸೈಕಲ್ಲಿನಲ್ಲಿ ನಮ್ಮ ಗೇಟಿಗೇ ಬಂದು ಗುದ್ದುತ್ತದೆ. ಅಪ್ಪ ಹೇಳಿದ್ದು ಸುಳ್ಳಲ್ಲ, ಆಗುತ್ತದೆ. ಅತ್ತೆ ಕೇಳಿದಾಗ ಆಗಲಿಲ್ಲ, ಅಷ್ಟೆ.

ಗುಂಡಿ ತೆಗೆಯುತ್ತಿದ್ದಾತ ಕಲ್ಲನ್ನು ಆಚೆ ಎಸೆಯಲೇ ಎಂದು ಕೇಳಿದ. ಬೇಡ ಎಂದೆ. ಎಸೆಯುವ ಕಸವೇ, ಗೊತ್ತು. ಆದರೆ ಪುಟ್ಟಿ ತನ್ನ ಎಳೆಯ ಕೈಯಿಂದ ಅರ್ಘ್ಯ ಬಿಟ್ಟದ್ದು ಇದಕ್ಕೇ. ಕಲ್ಲನ್ನು ಗುಂಡಿಯ ತಳಕ್ಕೆ ಹಾಕಿಸಿ, ಮೇಲೆ ದಾಸವಾಳ ನೆಡಿಸಿ, ನನ್ನ ಕೈಯಿಂದಲೇ ಒಂದು ಚೊಂಬು ನೀರು ಬಿಟ್ಟೆ.