ಹುಳುವಿನ ಮನೆಯಲ್ಲಿ ಅಂಜೂರ

ಅಂಜೂರ ಎಂದರೆ ನನಗೆ ಇವತ್ತಿಗೂ ಹೇಸಿಗೆ. ಮದುವೆ ಮನೆಯಲ್ಲಿ ಯಾರಾದರೂ ತಟ್ಟೆ ಮುಂದೆ ಹಿಡಿದರೆ ಗೋಡಂಬಿ ಎರಡು ಎತ್ತಿಕೊಂಡು ಮುಖ ತಿರುಗಿಸುತ್ತೇನೆ. ಸಕ್ಕರೆ ಕಾಯಿಲೆಯಾ ಎಂದು ಕೇಳುತ್ತಾರೆ. ಹೌದು ಎಂದುಬಿಡುತ್ತೇನೆ. ನಿಜ ಹೇಳಲು ಹೊರಟರೆ ಹರದನಹಳ್ಳಿ ಕಡೆಯ ಆ ಮನೆಗೆ, ತೊಂಬತ್ತರ ದಶಕದ ಆ ಬೇಸಿಗೆಗೆ ಮತ್ತೆ ಹೋಗಬೇಕು.

ನಾನು ಗುಂಡ್ಲುಪೇಟೆಯ ಅಂಗಡಿಬೀದಿಯಲ್ಲಿ ಬೆಳೆದವಳು. ಸೊಸೆಯಾಗಿ ಬಂದದ್ದು ರೇಷ್ಮೆ ಹುಳು ಸಾಕುವವರ ಮನೆಗೆ. ಅಲ್ಲಿ ಮೊದಲ ಮರ್ಯಾದೆ ಹುಳುವಿಗೆ, ಮನುಷ್ಯರಿಗೆ ಆಮೇಲೆ. ಉಣ್ಣಲು ಕೂತರೆ ಅನ್ನಕ್ಕೂ ಹುಳುವಿನ ಹಿಕ್ಕೆಯ ನಾತ. ಒಂದು ದಿನ ಸೀರೆಯ ನೆರಿಗೆಗೆ ಸಿಕ್ಕಿದ ಹುಳುವೊಂದು ಚಪ್ಪಟೆಯಾಗಿ, ಅದರ ಹಸಿರು ಅಂಟು ತೊಡೆಗೆ ಮೆತ್ತಿಕೊಂಡಿತು. ಆವತ್ತಿನಿಂದ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಗೂಡಿನ ಮೊದಲ ಬೆಳೆ ಮುಗಿಯುವಷ್ಟರಲ್ಲಿ ನಾನು ಕಡ್ಡಿಯಾಗಿದ್ದೆ.

ಅತ್ತೆ ನನಗೆ ಕಲಿಸಿದ ಮೊದಲ ಕೆಲಸವೆಂದರೆ ಹುಳುವಿನ ಮನೆಯ ಕಿಟಕಿ ಬಾಗಿಲಿಗೆ ಇಳಿಬಿಟ್ಟ ಗೋಣಿಗಳಿಗೆ ಬೆಳಿಗ್ಗೆ ಸಂಜೆ ನೀರು ಹಾಕುವುದು. ಸೆಕೆ ಹೆಚ್ಚಾದರೆ ಹುಳು ಸಾಯುತ್ತವೆ. ಒಣಗಿದ ಗೋಣಿ ಕಣ್ಣಿಗೆ ಬಿದ್ದರೆ ಅತ್ತೆ ಇಡೀ ಬೀದಿಗೆ ಕೇಳುವಂತೆ ಬೈಯುತ್ತಿದ್ದರು. ಎರಡು ಸಲ ಬೈಸಿಕೊಂಡ ಮೇಲೆ ಆ ಕೆಲಸ ನನ್ನ ಕೈಗೆ ಅಂಟಿಕೊಂಡಿತು. ಹಲ್ಲುಜ್ಜಿದಷ್ಟೇ ಸಲೀಸಾಗಿ ಮಾಡಿ ಮರೆತುಬಿಡುತ್ತಿದ್ದೆ.

ನಾನು ತಟ್ಟೆ ಸರಿಸಿ ಹಿತ್ತಲಿಗೆ ಓಡುವುದನ್ನು ಮಾವ ನೋಡಿದ್ದರು. ಅರ್ಧ ಹೊಲದ ಹಿಪ್ಪುನೇರಳೆ ಕಿತ್ತು, ಶ್ರೀರಂಗಪಟ್ಟಣದ ಕಡೆಯಿಂದ ಅಂಜೂರದ ಸಸಿ ತಂದು ನೆಟ್ಟರು. “ಒಣಗ್ಸಿದ ಅಣ್ಣು ಪೇಟೇಲಿ ಓಡುದ್ರೆ ಇನ್ನರ್ಧಾನೂ ಕಿತ್ತಾಕ್ಬುಡ್ತೀನಿ ಕಣವ್ವ. ಆಮೇಲೆ ಈ ಮನೇಲಿ ಉಳ ಇರಕಿಲ್ಲ,” ಅಂದರು. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಎರಡು ವರ್ಷಕ್ಕೆ ಗಿಡದ ತುಂಬ ಹಣ್ಣು. ಆ ಬೇಸಿಗೆ ಹುಳು ಸಾಕುವುದನ್ನು ಬಿಟ್ಟು, ಖಾಲಿಯಾದ ಹುಳುವಿನ ಮನೆಯನ್ನೇ ಮಾವ ಹಣ್ಣಿಗೆ ಕೊಟ್ಟರು. ಹುಳು ಮೇಯುತ್ತಿದ್ದ ಬಿದಿರು ತಟ್ಟೆಗಳನ್ನೇ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದೆವು. ನಾತ ಮಾತ್ರ ಹೋಗಲಿಲ್ಲ. ಹಗಲು ತಟ್ಟೆಗಳು ಅಂಗಳದ ಬಿಸಿಲಿಗೆ, ಸಂಜೆ ಬಾವಲಿಗೆ ಹೆದರಿ ಒಳಕ್ಕೆ.

ಎಂಥ ಗಲೀಜು ಹಣ್ಣು ಅದು. ಕಿತ್ತ ತೊಟ್ಟಿನಿಂದ ಹಾಲು ಸುರಿದು ಬೆರಳ ಸಂದಿಯೆಲ್ಲ ಕಡಿತ, ಗುಳ್ಳೆ. ಒಂದೊಂದನ್ನೂ ಹೆಬ್ಬೆರಳಲ್ಲಿ ಅದುಮಿ ಚಪ್ಪಟೆ ಮಾಡಬೇಕು. ಅದುಮಿದರೆ ಬುಡದ ತೂತಿನಿಂದ ಕೆಂಪು ಲೋಳೆ ಕೀವಿನ ಹಾಗೆ ಹೊರಬರುತ್ತಿತ್ತು. ಹುಳು ಮುಟ್ಟಿದಾಗಿನ ಹಾಗೇ ತಣ್ಣಗೆ, ಹಾಗೇ ಮೆತ್ತಗೆ. ನೊಣಗಳು ಹಣ್ಣಿನಿಂದ ನನ್ನ ತುಟಿಗೆ, ತುಟಿಯಿಂದ ಹಣ್ಣಿಗೆ. ಅತ್ತೆ ಒಂದನ್ನೂ ಬಾಯಿಗೆ ಹಾಕಲಿಲ್ಲ. “ಅತ್ತಿ ಅಣ್ಣಿನ ಜಾತಿ ಕಣಮ್ಮಿ ಇದು. ಬಿಚ್ಚುದ್ರೆ ಬರೀ ಉಳ,” ಎಂದು ದೂರ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಅದುಮಿದೆ. ಹುಳು ಮನೆಯಿಂದ ತೊಲಗುವುದಾದರೆ ಇದಕ್ಕಿಂತ ಹೊಲಸನ್ನೂ ಮುಟ್ಟಲು ತಯಾರಿದ್ದೆ.

ಹನ್ನೆರಡು ದಿನಕ್ಕೆ ಹಣ್ಣು ಕಂದು ಬಣ್ಣಕ್ಕೆ ತಿರುಗಿದವು. ಮಾವ ಆರಿಸಿ ಆರಿಸಿ ಬಿಸ್ಕತ್ತಿನ ಡಬ್ಬಕ್ಕೆ ತುಂಬಿದರು. ಚಾಮರಾಜನಗರದಲ್ಲಿ ದ್ರಾಕ್ಷಿ ಗೋಡಂಬಿ ಮಾರುವ ವ್ಯಾಪಾರಿಯೊಬ್ಬರು ನೋಡಿ ಹೇಳುತ್ತೇನೆ ಎಂದಿದ್ದರು. ದರ್ಜಿಯಿಂದ ರವಿಕೆ ತರುವುದಿತ್ತು, ಮಾವನ ಜೊತೆ ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ಡಬ್ಬವನ್ನು ತೊಡೆಯಿಂದ ಇಳಿಸಲಿಲ್ಲ.

ವ್ಯಾಪಾರಿ ಮುಚ್ಚಳ ತೆಗೆದು, ಒಂದು ಹಣ್ಣೆತ್ತಿ ಎರಡೂ ಹೆಬ್ಬೆರಳಲ್ಲಿ ಸೀಳಿದರು. ಒಳಗೆ ಬೂದಿ ಬಣ್ಣದ ಬೂಸ್ಟು, ಅದರ ನಡುವೆ ಬಿಳಿ ಹುಳುವೊಂದು ಮುದುಡಿಕೊಂಡು ಮಿಸುಕುತ್ತಿತ್ತು. ಹುಳಿ ನಾತ ಗಪ್ಪೆಂದು ಮೂಗಿಗೆ ಬಡಿದು ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಬೇಜಾರ್ ಮಾಡ್ಕೋಬೇಡಿ ಯಜಮಾನ್ರೆ,” ಅಂದರು ವ್ಯಾಪಾರಿ. “ಹಣ್ಣು ಒಳ್ಳೇದೇ. ಒಣಗಿಸಿದ ಜಾಗ ತೇವ.”

“ತೇವ ಎಲ್ಲಿಂದ ಬಂದದು ಭಾಯಿ? ಒಂದು ತೊಟ್ಟು ನೀರು ಸೋಕ್ಸಿಲ್ಲ,” ಅಂದರು ಮಾವ.

ನನ್ನ ಬಲಗೈ ತಾನಾಗಿ ಸೆರಗಿನೊಳಗೆ ಹೋಯಿತು. ಹನ್ನೆರಡು ದಿನ, ಬೆಳಿಗ್ಗೆ ಸಂಜೆ, ಹುಳುವೇ ಇಲ್ಲದ ಆ ಮನೆಯ ಗೋಣಿಗಳನ್ನು ನೆನೆಸಿದ ಕೈ ಅದು. ಯಾರೂ ಬೇಡ ಎಂದಿರಲಿಲ್ಲ. ಒದ್ದೆ ಗೋಣಿ ಆ ಮನೆಯಲ್ಲಿ ಯಾರ ಗಮನಕ್ಕೂ ಬರುವಂಥದಲ್ಲ. ಅಲ್ಲೇ ಬಾಯಿಬಿಟ್ಟಿದ್ದರೆ, ಗಿಡದಲ್ಲಿ ಇನ್ನೂ ಹಣ್ಣಿತ್ತು, ಇನ್ನೊಂದು ಸಲ ಒಣಗಿಸಬಹುದಿತ್ತು. ಅತ್ತೆಯ ಬಾಯಿ ನೆನಪಾಯಿತು. ಮುಚ್ಚಳ ಎತ್ತಿ ಡಬ್ಬಕ್ಕೆ ಹಾಕಿದೆ.

ವಾಪಸು ಬಂದ ಮಾವ ನೆಟ್ಟಗೆ ಹುಳುವಿನ ಮನೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ ಅತ್ತೆಗೂ ಬೀದಿಯವರಿಗೂ ಒಂದೇ ಉತ್ತರ: “ನಮ್ ಮಣ್ಣಿಗೆ ಅಂಜೂರ ಒಗ್ಗಕಿಲ್ಲ.” ನಾನು ಮುದ್ದೆ ಮುರಿಯುತ್ತಾ ಹೌದೌದು ಎಂದು ತಲೆ ಆಡಿಸಿದೆ. ಹುಳುವಿಗಿಂತ, ಆ ಹಣ್ಣಿಗಿಂತ, ನನ್ನ ಮೇಲೆ ನನಗೇ ಅಸಹ್ಯವಾದದ್ದು ಆ ತುತ್ತು ನುಂಗುವಾಗ. ಬೀದಿಗೆಲ್ಲ ಹೇಳಿದ ಆ ಮಾತಿಗೆ ಕಟ್ಟುಬಿದ್ದು ಮಾವ ಮಳೆಗೆ ಮುಂಚೆ ಗಿಡ ಕಡಿಸಿ ಮತ್ತೆ ಹಿಪ್ಪುನೇರಳೆ ಹಾಕಿದರು.

ಹುಳು ಮನೆಗೆ ವಾಪಸಾದ ದಿನ ಮಾವ ಅಟ್ಟದಿಂದ ಗೋಣಿಗಳನ್ನು ಇಳಿಸಿದರು. ಪೇಟೆಯಿಂದ ಬಂದ ದಿನವೇ ಬಿಚ್ಚಿ, ಒಣಗಿಸಿ, ಮಡಿಸಿ ಒಪ್ಪವಾಗಿ ಕಟ್ಟಿಟ್ಟಿದ್ದರು. ತಾವೇ ಕಿಟಕಿಗೆ ಕಟ್ಟಿ, ನೀರಿನ ಚೊಂಬು ತಂದು ನನ್ನ ಕೈಗೆ ಕೊಟ್ಟರು. ಅತ್ತೆ ಹೊಸಿಲ ಮೇಲೆ ಕೂತು ನೋಡುತ್ತಿದ್ದರು. ಅವರಿಗೆ ಕೇಳದಷ್ಟು ಮೆಲ್ಲಗೆ ಮಾವ ಅಂದರು:

“ಈಗ ಉಯ್ಯವ್ವ. ಈಗ ಬೇಕು.”