ಪೆನ್ಸಿಲ್ ಗೆರೆಯ ಡಬ್ಬಿ

ಫಿಲ್ಮ್ ರೋಲಿನ ಪುಟ್ಟ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ಎಬ್ಬಿಸಿದಾಗ ಟಪ್ಪೆಂದು ಸದ್ದಾಗುತ್ತದೆ. ಸದ್ದಿನ ಬೆನ್ನಿಗೇ ಒಂದು ವಾಸನೆ. ಔಷಧಿ ಅಂಗಡಿಯದ್ದೂ ಅಲ್ಲ, ಹೊಸ ಪ್ಲಾಸ್ಟಿಕ್ಕಿನದ್ದೂ ಅಲ್ಲ, ಎರಡರ ನಡುವಿನ, ತುಸು ಹುಳಿಯಾದ, ಗಂಟಲಿಗೆ ಹೋಗಿ ನಿಲ್ಲುವಂಥ ವಾಸನೆ. ಬಹರೈನಿನ ಮಾಹೂಝ್‌ನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ನಾನು ಆ ಮುಚ್ಚಳ ತೆರೆದಾಗಲೆಲ್ಲ ಮನಾಮಾದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ಅಡುಗೆಮನೆ ಕಣ್ಣ ಮುಂದೆ ಬರುತ್ತದೆ. ಎರಡು ಸಂಸಾರಗಳಿಗೆ ಒಂದೇ ಅಡುಗೆಮನೆ, ಒಂದೇ ಗ್ಯಾಸ್ ಒಲೆ, ಗುಂಯ್‌ಗುಡುತ್ತಾ ಆಗಾಗ ಮೈಕೊಡವಿಕೊಳ್ಳುವ ಒಂದೇ ಫ್ರಿಜ್ಜು. ನೀವು ಗಲ್ಫಿನಲ್ಲಿ ಬೆಳೆದವರಾದರೆ ಅಂಥ ಅಡುಗೆಮನೆ ನಿಮಗೂ ಗೊತ್ತಿರುತ್ತದೆ. ಗೋಡೆ ಬಾಡಿಗೆಯದ್ದು, ಪಾತ್ರೆ ಎರಡು ಊರಿನದ್ದು, ವಾಸನೆ ಮಾತ್ರ ಎಲ್ಲರದ್ದೂ.

ಈಗ ಫೋಟೋ ತೆಗೆಯುವ ಹುಚ್ಚು ನನಗೆ. ಫೋನಿನಲ್ಲಿ ಅಲ್ಲ, ಅಪ್ಪನ ಹಳೆಯ ಕ್ಯಾಮೆರಾದಲ್ಲಿ, ಫಿಲ್ಮ್ ಹಾಕಿ. ಈ ಊರಿನಲ್ಲಿ ಈಗ ಫಿಲ್ಮ್ ಮಾರುವ ಅಂಗಡಿಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಒಂದನ್ನೂ ನಾನು ಪೂರ್ತಿ ನಂಬಿಲ್ಲ. ಡಬ್ಬದ ಮೇಲಿನ ತಾರೀಖು ನೋಡುತ್ತೇನೆ, ತಾರೀಖಿನ ಮೇಲೆ ಸ್ಟಿಕ್ಕರು ಅಂಟಿಸಿದ್ದಾರೋ ಎಂದು ಉಗುರಿನಿಂದ ಕೆರೆಯುತ್ತೇನೆ. ಶುಕ್ರವಾರ ಅಂಗಡಿ ಮುಚ್ಚಿದಾಗ ಎಸಿ ಆರಿಸುತ್ತಾರಾ, ಬಂದರಿನಿಂದ ಬರುವಾಗ ವ್ಯಾನು ಎಷ್ಟು ಹೊತ್ತು ಬಿಸಿಲಲ್ಲಿ ನಿಂತಿತ್ತು ಎಂದೆಲ್ಲ ಕೇಳುತ್ತೇನೆ. ಮನಾಮಾದ ಅಂಗಡಿಯ ಕಾಸರಗೋಡಿನ ಯಜಮಾನರು ಒಮ್ಮೆ ತಾಳ್ಮೆಗೆಟ್ಟು, “ಮೇಡಂ, ಆಪ್ ಫಿಲ್ಮ್ ಲೇ ರಹೀ ಹೈಂ ಯಾ ಮಛಲಿ? ಮೀನಿನ ಹಾಗೆ ಕಿವಿರು ಎತ್ತಿ ನೋಡುವುದೊಂದು ಬಾಕಿ!” ಎಂದು ಹಿಂದಿಯನ್ನೂ ತಮ್ಮೂರಿನ ಕನ್ನಡವನ್ನೂ ಸೇರಿಸಿ ಕೇಳಿದ್ದರು. ಮನೆಗೆ ತಂದ ಮೇಲೂ ಸಂಶಯ ಬಿಡುವುದಿಲ್ಲ. ರೋಲುಗಳನ್ನು ಗಾಳಿಯಾಡದ ಚೀಲಕ್ಕೆ ಹಾಕಿ, ಚಪ್ಪಲಿ ಡಬ್ಬಗಳಿಂದ ಕೂಡಿಟ್ಟ ತೇವ ಹೀರುವ ಪೊಟ್ಟಣಗಳನ್ನು ನಡುನಡುವೆ ತುರುಕಿ, ಫ್ರಿಜ್ಜಿನ ಮೇಲ್ಗಡೆಯ ಬಲಮೂಲೆಯಲ್ಲಿ ಇಡುತ್ತೇನೆ. “ದೋಸೆಹಿಟ್ಟಿಗೆ ಜಾಗ ಇಲ್ಲ, ನಿನ್ನ ರೋಲಿಗೆ ಉಂಟು,” ಎನ್ನುತ್ತಾರೆ ನನ್ನ ಯಜಮಾನರು. ಚೀಲವನ್ನು ಯಾರಾದರೂ ಸರಿಸಿದರೆ ಗೊತ್ತಾಗಲಿ ಎಂದು ಅದರ ತುದಿಯನ್ನು ಒಂದು ಬದಿಗೆ ಮಡಚಿಟ್ಟಿರುತ್ತೇನೆ ಎಂಬುದನ್ನು ಅವರಿಗೆ ಈವರೆಗೂ ಹೇಳಿಲ್ಲ. ಈ ಬುದ್ಧಿ ನನಗೆ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು.

ಅಪ್ಪ ಸಿತ್ರಾದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಮ್ಮ ನರ್ಸು. ಇಬ್ಬರದ್ದೂ ಪಾಳಿಯ ಕೆಲಸವಾದ್ದರಿಂದ ಅವರು ಒಬ್ಬರನ್ನೊಬ್ಬರು ಕಂಡದ್ದಕ್ಕಿಂತ ಒಬ್ಬರಿಗೊಬ್ಬರು ಚೀಟಿ ಬರೆದಿಟ್ಟದ್ದೇ ಹೆಚ್ಚು. ಬಾಡಿಗೆ ಹಂಚಿಕೊಂಡು ನಮ್ಮ ಜೊತೆಗಿದ್ದವರು ವಿಕ್ಟರ್ ಅಂಕಲ್ ಮತ್ತು ಫ್ಲೋರಿನ್ ಆಂಟಿ, ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಅಂಕಲ್ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು, ಆಂಟಿ ಮನೆಯಲ್ಲೇ ಇರುತ್ತಿದ್ದರು. ಹಾಗಾಗಿ ನನ್ನ ಹಗಲುಗಳೆಲ್ಲ ಆಂಟಿಯವು. ಶಾಲೆಯಿಂದ ಬಂದಾಗ ಬಾಗಿಲು ತೆರೆಯುತ್ತಿದ್ದದ್ದು ಅವರು, ಜಡೆ ಬಿಚ್ಚಿ ಬೆವರು ಒರೆಸುತ್ತಿದ್ದದ್ದು ಅವರು, ಶಾಲೆಯಲ್ಲಿ ಕನ್ನಡ ಇಲ್ಲವೆಂದು ಅಡುಗೆಮನೆಯ ಮೇಜಿನ ಮೇಲೆ ಹಿಟ್ಟು ಹರವಿ ಅದರಲ್ಲಿ ಅ ಆ ಇ ಈ ತಿದ್ದಿಸಿದ್ದೂ ಅವರು. ಅವರ ಕೈಗೆ ಯಾವಾಗಲೂ ಬೆಳ್ಳುಳ್ಳಿ ಮತ್ತು ಮಗುವಿನ ಪೌಡರಿನ ವಾಸನೆ ಇರುತ್ತಿತ್ತು ಎಂದು ನನಗೆ ನೆನಪು. ಆದರೆ ಪೌಡರು ಬಂದದ್ದು ಅವರ ಮಗ ಐವನ್ ಹುಟ್ಟಿದ ಮೇಲೆ. ಅದಕ್ಕೆ ಮೊದಲು ಬರಿ ಬೆಳ್ಳುಳ್ಳಿಯೇ ಇದ್ದಿರಬೇಕು.

ಫ್ರಿಜ್ಜಿನ ಮೇಲಿನ ಎರಡು ಅಂತಸ್ತು ನಮ್ಮದು, ಕೆಳಗಿನ ಎರಡು ಅವರದು. ನಮ್ಮ ಅಂತಸ್ತಿನ ಹಿಂಬದಿಯಲ್ಲಿ ಹಾಲಿನ ಪುಡಿಯ ದೊಡ್ಡ ತಗಡಿನ ಡಬ್ಬಿ ಇತ್ತು. ಅದರೊಳಗೆ ಅಪ್ಪನ ಫಿಲ್ಮ್ ರೋಲುಗಳು. ಅದನ್ನು ಅಪ್ಪನ ಹೊರತು ಯಾರೂ ಮುಟ್ಟುವ ಹಾಗಿರಲಿಲ್ಲ, ಅಮ್ಮನೂ ಕೂಡ. ಮುಚ್ಚಳ ಹಾಕಿದ ಮೇಲೆ ಮುಚ್ಚಳದಿಂದ ಡಬ್ಬಿಯ ಮೈಗೆ ಇಳಿಯುವಂತೆ ಅವರು ಪೆನ್ಸಿಲಿನಲ್ಲಿ ಸಣ್ಣದೊಂದು ಗೆರೆ ಎಳೆಯುತ್ತಿದ್ದರು. ಯಾರಾದರೂ ತೆರೆದು ಮುಚ್ಚಿದರೆ ಗೆರೆಯ ಎರಡು ತುಂಡು ಒಂದಕ್ಕೊಂದು ಕೂಡುವುದಿಲ್ಲ ಎಂಬುದು ಲೆಕ್ಕ. ಇನ್ನೊಂದು ಕ್ರಮವೂ ಇತ್ತು. ಫ್ರಿಜ್ಜಿನಿಂದ ತೆಗೆದ ರೋಲನ್ನು ಎರಡು ಗಂಟೆ ಹಾಗೆಯೇ ಹೊರಗಿಟ್ಟು ಆಮೇಲೆಯೇ ಅದರ ಪುಟ್ಟ ಡಬ್ಬಿ ತೆರೆಯಬೇಕು. ಆಗಸ್ಟಿನ ಬಹರೈನಿನಲ್ಲಿ ತಣ್ಣೀರಿನ ಲೋಟ ಮೇಜಿನ ಮೇಲಿಟ್ಟ ಕೂಡಲೇ ಬೆವರುವುದನ್ನು ನೀವು ನೋಡಿರಬಹುದು. ತಣ್ಣಗಿನ ಫಿಲ್ಮೂ ಹಾಗೆಯೇ ಬೆವರುತ್ತದೆ. ಆ ಎರಡು ಗಂಟೆ ಅಪ್ಪ ರೋಲಿನ ಪಕ್ಕದಲ್ಲೇ ಕೂತು ರೇಡಿಯೋ ಕೇಳುತ್ತಿದ್ದರು. “ನಿಮ್ಮ ಮೊಟ್ಟೆ ಮರಿಯಾಯಿತಾ ಶೆಟ್ರೇ?” ಎಂದು ವಿಕ್ಟರ್ ಅಂಕಲ್ ಕೀಟಲೆ ಮಾಡುತ್ತಿದ್ದರು. “ಕಾಯ್ಬೇಕು ಪೊರ್ಬುಗಳೇ. ಅವಸರದವರಿಗೆ ಇದು ಹೇಳಿಸಿದ್ದಲ್ಲ,” ಎನ್ನುತ್ತಿದ್ದರು ಅಪ್ಪ. ಕ್ರಿಶ್ಚಿಯನ್ನರಿಗೆ ನಮ್ಮ ತುಳುವಿನಲ್ಲಿ ಪೊರ್ಬುಗಳೆಂದೇ ಹೆಸರು.

ಐವನ್ ಹುಟ್ಟಿ ಮೂರು ತಿಂಗಳಾದಾಗ, ಆಗಸ್ಟಿನ ಒಂದು ಸಂಜೆ ಐದಕ್ಕೆ, ಮನೆಯಿಂದ ಐದು ನಿಮಿಷ ನಡೆಯುವ ದೂರದ ಚರ್ಚಿನಲ್ಲಿ ಅವನ ಬಾಪ್ತಿಸ್ಮ. ಫೋಟೋ ಅಪ್ಪನದೇ ಎಂದು ಮೊದಲೇ ಮಾತಾಗಿತ್ತು. ಮಗುವಿನ ಅಜ್ಜಿ ಊರಿನಲ್ಲಿ ಹಾಸಿಗೆ ಹಿಡಿದಿದ್ದರು, ಮೊಮ್ಮಗನನ್ನು ಅವರು ಕಾಣುವುದಿದ್ದರೆ ಆ ಫೋಟೋಗಳಲ್ಲೇ. ಅಮ್ಮ ನನ್ನನ್ನು ಕರೆದುಕೊಂಡು ಮೊದಲೇ ಚರ್ಚಿಗೆ ಹೋಗಿದ್ದಳು. ಅಪ್ಪ ಕಂಪೆನಿಯ ನೀಲಿ ಬಟ್ಟೆಯಲ್ಲೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದದ್ದು, ಪಾದ್ರಿಗಳು ಮಗುವಿನ ತಲೆಗೆ ನೀರೆರೆಯುವಾಗ ಮಂಡಿಯೂರಿ ಕೂತು ಕ್ಲಿಕ್ಕಿಸಿದ್ದು ನೆನಪಿದೆ. ವಾರದ ಮೇಲೆ ಸ್ಟುಡಿಯೋದಿಂದ ಫೋಟೋಗಳು ಬಂದವು. ಒಂದರಲ್ಲೂ ಮಗುವಿನ ಮುಖ ಸರಿಯಾಗಿರಲಿಲ್ಲ. ಎಲ್ಲದರ ಮೇಲೂ ಬೂಷ್ಟು ಹಿಡಿದಂಥ ಕಲೆಗಳು, ಕೆಲವು ಕಡೆ ಸಿಪ್ಪೆ ಎದ್ದ ಹಾಗೆ. ರೋಲಿಗೆ ನೀರಿನ ಪಸೆ ತಾಗಿದೆ ಎಂದು ಸ್ಟುಡಿಯೋದವರು ಹೇಳಿ ಕಳಿಸಿದ್ದರು.

ಅಪ್ಪ ಫ್ರಿಜ್ಜು ತೆರೆದು ಹಾಲುಪುಡಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಪೆನ್ಸಿಲ್ ಗೆರೆ ಎರಡು ಬೆರಳಿನಷ್ಟು ಸರಿದಿತ್ತು.

“ಯಾರು ಮುಟ್ಟಿದ್ದು ಇದನ್ನು?”

“ನಿಮ್ಮ ಡಬ್ಬಿ ಮುಟ್ಲಿಕ್ಕೆ ನಮಗೆಂತ ಮರ್ಲಾ, ತಲೆ ಕೆಟ್ಟಿದಾ ಶೆಟ್ರೇ?” ಎಂದರು ವಿಕ್ಟರ್ ಅಂಕಲ್.

“ಗೆರೆ ನೋಡಿ ಪೊರ್ಬುಗಳೇ. ಗೆರೆ ಸುಳ್ಳು ಹೇಳ್ತದಾ? ಹಗಲು ಮನೆಯಲ್ಲಿ ಇರುವವರು ಯಾರು?”

ಅಂಕಲ್ ಬಗ್ಗಿ ಗೆರೆಯನ್ನು ನೋಡಿದರು. ಆ ಗೆರೆಯ ವಿಷಯ ಅವರಿಗೆ ಗೊತ್ತಾದದ್ದೇ ಆಗ. “ಒಂದೇ ಒಲೆಯಲ್ಲಿ ಬೇಯಿಸಿ ಉಣ್ತೇವೆ. ನೀವು ಗುರುತು ಹಾಕಿ ಇಟ್ಟಿದ್ರಾ?” ಎಂದು ಬಹಳ ಮೆಲ್ಲನೆ ಕೇಳಿದರು. ಆಂಟಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಲೆಯ ಹತ್ತಿರ ನಿಂತಿದ್ದರು. ಅವರು ಮಾತಾಡದೆ ಇದ್ದದ್ದನ್ನೇ ಅಪ್ಪ ಸಾಕ್ಷಿ ಮಾಡಿಕೊಂಡರು. ಆ ತಿಂಗಳು ಮುಗಿಯುವುದರೊಳಗೆ ಅಂಕಲ್, ಆಂಟಿ ಬೇರೆ ಮನೆ ನೋಡಿಕೊಂಡರು. ಊರಿನ ಅಜ್ಜಿ ಮೊಮ್ಮಗನನ್ನು ಕಾಣದೆಯೇ ಹೋದರೆಂದು ಆಮೇಲೆ ಯಾರೋ ಹೇಳಿದರು. ನಾನು ಶಾಲೆಯಿಂದ ಬಂದು, ಕೊರಳಿಗೆ ದಾರದಲ್ಲಿ ಕಟ್ಟಿದ ಬೀಗದಕೈಯಿಂದ ನಾನೇ ಬಾಗಿಲು ತೆರೆಯುವುದನ್ನು ಕಲಿತೆ. ಅಮ್ಮ ಅಪ್ಪನಿಗೆ ಏನೂ ಅನ್ನಲಿಲ್ಲ, ಆದರೆ ಫ್ರಿಜ್ಜಿನ ಕೆಳಗಿನ ಎರಡು ಅಂತಸ್ತುಗಳಲ್ಲಿ ಬಹಳ ದಿನ ಏನನ್ನೂ ಇಡಲಿಲ್ಲ. ನಾನೂ ಆಂಟಿಯ ಮೇಲೆಯೇ ಸಂಶಯಪಟ್ಟೆ. ಹಾಗೆ ಸಂಶಯಪಟ್ಟರೆ ಅವರಿಲ್ಲದ ದುಃಖ ಕಡಿಮೆಯಾಗಬಹುದು ಎಂದುಕೊಂಡಿದ್ದೆನೋ ಏನೋ.

ಅಮ್ಮ ಹೋಗಿ ನಾಲ್ಕು ವರ್ಷದ ಮೇಲೆ, ಹೋದ ವರ್ಷ, ಅಪ್ಪನೂ ಹೋದರು. ಊರಿನ ಮನೆಯಿಂದ ನನ್ನ ಪಾಲಿಗೆ ಬಂದದ್ದು ಅವರ ಕ್ಯಾಮೆರಾ ಸಾಮಾನಿನ ಪೆಟ್ಟಿಗೆ. ಒಳಗೆ ನೆಗೆಟಿವ್‌ಗಳನ್ನು ಬಟರ್ ಪೇಪರಿನಲ್ಲಿ ಸುತ್ತಿ ಕಟ್ಟು ಕಟ್ಟಿ ಇಟ್ಟಿದ್ದರು. ಪ್ರತಿ ಕಟ್ಟಿನ ಜೊತೆಗೂ ಆ ರೋಲು ಬಂದ ರಟ್ಟಿನ ಡಬ್ಬದ ಒಂದು ತುಂಡು. ಅದರ ಮೇಲೆ ರೋಲನ್ನು ಫ್ರಿಜ್ಜಿನಿಂದ ಹೊರತೆಗೆದ ಹೊತ್ತು, ಕ್ಯಾಮೆರಾಕ್ಕೆ ಹಾಕಿದ ಹೊತ್ತು. ನಾನು ಒಂದೊಂದಾಗಿ ನೋಡುತ್ತಾ ಹೋದೆ. ಎಲ್ಲದರಲ್ಲೂ ನಡುವೆ ಎರಡು ಗಂಟೆ, ಎರಡೂಕಾಲು ಗಂಟೆ. ಒಂದು ಕಟ್ಟಿನ ನೆಗೆಟಿವ್ ಮಾತ್ರ ಬೂಷ್ಟು ಹಿಡಿದಂತಿತ್ತು. ಬೆಳಕಿಗೆ ಹಿಡಿದರೆ ಪಾದ್ರಿಯ ತೋಳು, ಒಂದು ಬಿಳಿ ಬಟ್ಟೆ. ಅದರ ರಟ್ಟಿನ ಮೇಲೆ ಅಪ್ಪನ ಅಕ್ಷರದಲ್ಲಿ ಹೀಗಿತ್ತು: ‘ಐವನ್. ಹೊರಗೆ 4.40. ಲೋಡ್ 4.45.’ ಬಿಸಾಡಿದೆ ಎಂದು ಅಪ್ಪ ಎಲ್ಲರಿಗೂ ಹೇಳಿದ್ದ ರೋಲು ಅದು. ಆ ದಿನ ಬದಲಿ ಆಳು ತಡವಾಗಿ ಬಂದಿರಬೇಕು, ಎರಡೂವರೆಗೆ ಮನೆ ಸೇರಬೇಕಾದ ಅಪ್ಪ ನಾಲ್ಕೂ ನಲವತ್ತಕ್ಕೆ ಸೇರಿದ್ದಾರೆ. ಡಬ್ಬಿಯನ್ನು ಯಾರೂ ಮುಟ್ಟಬಾರದೆಂಬ ಕಟ್ಟಳೆ ಇರದಿದ್ದರೆ ಆಂಟಿಯೋ ಅಮ್ಮನೋ ಮಧ್ಯಾಹ್ನವೇ ರೋಲನ್ನು ತೆಗೆದು ಹೊರಗಿಡುತ್ತಿದ್ದರು. ಆ ಅವಸರದಲ್ಲಿ ಮುಚ್ಚಳವನ್ನು ಹೇಗೋ ಹಾಕಿ, ಹೊಸ ಗೆರೆ ಎಳೆಯದೆ ಓಡಿದವರೂ ಅವರೇ ಇರಬೇಕು. ಅಪ್ಪನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಮೇಜಿನ ಮೇಲೆ ಆ ಡಬ್ಬಿ ಇಟ್ಟಿದ್ದರು.

ನಮ್ಮ ಕರಾವಳಿಯವರ ಕೂಟವೊಂದರಲ್ಲಿ ಐವನ್‌ನ ಪರಿಚಯವಾದದ್ದು ಈಚೆಗೆ. ಅವನೂ ಈಗ ಸಂಸಾರ ಸಮೇತ ಇಲ್ಲೇ ಇದ್ದಾನೆ. ವಿಕ್ಟರ್ ಅಂಕಲ್ ತೀರಿಕೊಂಡಿದ್ದಾರೆ, ಆಂಟಿ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ ಎಂದು ಕೇಳಿದ ಮರುದಿನವೇ ರಟ್ಟಿನ ತುಂಡನ್ನು ಪರ್ಸಿನಲ್ಲಿಟ್ಟುಕೊಂಡು ಹೋದೆ. ಆಂಟಿ ಕುಗ್ಗಿ ಸಣ್ಣಗಾಗಿದ್ದರು. ನನ್ನ ಗಲ್ಲ ಹಿಡಿದು, “ಎಂತ ಮಗಾ, ಇಷ್ಟು ಬೆಳ್ಳಗೆ ಮಾಡಿದ್ದಿ ಕೂದಲು! ಬಣ್ಣ ಹಾಕ್ಲಿಕ್ಕೆ ಆಗುದಿಲ್ವಾ?” ಎಂದರು. ಚಹಾ ಆದ ಮೇಲೆ, ಐವನ್ ಕಾರಿನ ಕೀ ಹುಡುಕಲು ಎದ್ದಾಗ, ನಾನು ವಿಷಯ ತೆಗೆದೆ.

“ಆ ಫೋಟೋ ಹಾಳಾದದ್ದು ನಿಮ್ಮಿಂದ ಅಲ್ಲ ಆಂಟಿ.”

ಅವರು ಒಮ್ಮೆ ಮಗ ಹೋದ ಕೋಣೆಯ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, “ನಾನು ತೆರೆದಿದ್ದೆ ಮಗಾ ಆ ಡಬ್ಬಿ,” ಎಂದರು. “ಬಾಪ್ತಿಸ್ಮದ ಮುಂಚಿನ ವಾರ, ಫ್ರಿಜ್ಜು ಕ್ಲೀನ್ ಮಾಡುವಾಗ. ಇಷ್ಟು ಜೋಪಾನ ಮಾಡ್ಬೇಕಾದ್ರೆ ನಿನ್ನಪ್ಪ ಚಿನ್ನದ ಬಿಸ್ಕುಟೇ ಇಟ್ಟಿರ್ಬೇಕು ಅಂತ ನನಗೆ ಡೌಟು. ನೋಡಿದ್ರೆ ಕಪ್ಪು ಕಪ್ಪು ಸಣ್ಣ ಡಬ್ಬಿಗಳು. ಮುಚ್ಚಿ ಇಟ್ಟೆ. ಇವರಿಗೂ ಹೇಳ್ಲಿಲ್ಲ, ಐವನ್‌ಗೂ ಹೇಳ್ಲಿಲ್ಲ. ನನ್ನ ಮಗುವಿನ ಮೋರೆ ನಾನೇ ಅಳಿಸಿದ್ದು.”

ಇಷ್ಟು ವರ್ಷ ಅವರು ಹೊತ್ತುಕೊಂಡಿದ್ದದ್ದು ಇದನ್ನು. ನಾನು ಬಿಡಿಸಿ ಬಿಡಿಸಿ ಹೇಳಿದೆ. ತಗಡಿನ ಡಬ್ಬಿಯ ಮುಚ್ಚಳ ತೆರೆದರೆ ಏನೂ ಆಗುವುದಿಲ್ಲ, ಒಳಗೆ ಪ್ರತಿ ರೋಲಿಗೂ ಬೇರೆ ಬಿಗಿ ಡಬ್ಬಿ ಇತ್ತು, ತಪ್ಪಾದದ್ದು ಅಪ್ಪ ಎರಡು ಗಂಟೆ ಕಾಯದೆ ಇದ್ದದ್ದರಿಂದ ಎಂದೆ. ರಟ್ಟಿನ ತುಂಡನ್ನು ಕೈಗಿಟ್ಟೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಇದು ನೀನೇ ಬರೆದದ್ದಲ್ಲ ಅಲ್ವಾ?”

“ಆಂಟೀ!”

“ಅಲ್ಲ, ಮುದುಕಿಗೆ ಸಮಾಧಾನ ಆಗ್ಲಿ ಅಂತ ಬರೆದಿರ್ಬಹುದು. ತೀರಿಹೋದವರ ಮೇಲೆ ಹಾಕುವುದು ಸುಲಭ ಮಗಾ. ಪಾಪ ಕಟ್ಟಿಕೊಳ್ಬೇಡ.” ರಟ್ಟನ್ನು ನನಗೇ ವಾಪಸು ಕೊಟ್ಟರು. ಒಂದು ಸಂಶಯ ನಮ್ಮನ್ನು ಬೇರೆ ಮಾಡಿತ್ತು, ಅದನ್ನು ತೆಗೆಯಲು ಹೋದವಳ ಮೇಲೆ ಇನ್ನೊಂದು ಸಂಶಯ. ರಟ್ಟನ್ನು ಮತ್ತೆ ಪರ್ಸಿನೊಳಗೆ ಇಟ್ಟೆ. ಐವನ್ ಕೀ ತಂದು, ಮಮ್ಮಿಗೆ ಹಳೆಯ ಕಟ್ಟಡ ನೋಡಬೇಕಂತೆ, ನೀವೂ ಬನ್ನಿ ಅಕ್ಕ ಎಂದ.

ಕಟ್ಟಡ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಆಂಟಿಗೆ ಹೇಳಲು ಬಾಯಿ ಬಂದಿರಲಿಲ್ಲ. ಅಲ್ಲೀಗ ಕಾರು ನಿಲ್ಲಿಸುವ ಜಾಗ, ಜಲ್ಲಿ ಹರಡಿದ ನೆಲ. ಐವನ್ ಕಾರಿನಲ್ಲೇ ಉಳಿದ. ಆಂಟಿ ನನ್ನ ಮಣಿಕಟ್ಟು ಹಿಡಿದುಕೊಂಡು ಸಾಲು ಕಾರುಗಳ ನಡುವೆ ನಡೆದು, ಒಂದು ಕಡೆ ನಿಂತು ತಲೆಯೆತ್ತಿದರು. “ಕಿಚನ್ ಅಲ್ಲಿ ಬರ್ತಿತ್ತು. ಆ ಲೈಟುಕಂಬಕ್ಕಿಂತ ಸ್ವಲ್ಪ ಮೇಲೆ.” ನಾನೂ ನೋಡಿದೆ. ಧೂಳು ಬೆರೆತ ಸಂಜೆಯ ಆಕಾಶ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೂ ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.

“ಕಿಟಕಿ ಈ ಬದಿಗೆ,” ಎಂದರು ಆಂಟಿ. “ಅವತ್ತು ಮಗುವಿಗೆ ಬಿಳಿ ಅಂಗಿ ಹಾಕ್ತಾ ಅಲ್ಲೇ ನಿಂತಿದ್ದೆ. ಅವನು ಕೈ ತೂರಿಸ್ಲಿಕ್ಕೇ ಬಿಡುದಿಲ್ಲ. ಇವರು ಹೊತ್ತಾಯಿತು ಹೊತ್ತಾಯಿತು ಅಂತ ಬೊಬ್ಬೆ. ಕೆಳಗೆ ನೋಡ್ತೇನೆ, ಕಂಪೆನಿ ಬಸ್ಸು ಬಂದು ನಿಂತದ್ದು. ನಿನ್ನಪ್ಪ ಹಾರಿ ಇಳಿದು ಓಡಿಕೊಂಡು ಬರ್ತಾರೆ, ಆ ದೊಡ್ಡ ಬೂಟ್ಸು ಹಾಕಿಕೊಂಡು. ನನಗೆ ನಗೆಯೇ ತಡೆಯಲಿಲ್ಲ ಮಗಾ. ಅಷ್ಟು ಗಂಭೀರದ ಮನುಷ್ಯ…”

ಅವರ ಮೇಲೆತ್ತಿದ ಮುಖ ಹಾಗೆಯೇ ಇತ್ತು, ನನ್ನ ಮಣಿಕಟ್ಟಿನ ಮೇಲಿನ ಬೆರಳುಗಳು ಮಾತ್ರ ಬಿಗಿಯಾದವು.

“ಹಾಗಾದ್ರೆ ಎರಡು ಗಂಟೆ ಎಲ್ಲಿತ್ತು ಅವರಿಗೆ?”

ನಾನು ಉತ್ತರ ಕೊಟ್ಟರೆ ಮತ್ತೆ ಸಂಶಯ ಬಂದೀತು ಎಂಬ ಹೆದರಿಕೆ. ಅವರು ಕಂಡದ್ದನ್ನು ಅವರೇ ಮತ್ತೊಮ್ಮೆ ಕಾಣಲಿ ಎಂದು ಸುಮ್ಮನೆ ನಿಂತೆ. ಆಂಟಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. “ನನ್ನದಲ್ಲ,” ಎಂದು ತಮಗೇ ಹೇಳಿಕೊಂಡರು, ಎರಡು ಸಲ. ಆಮೇಲೆ ನನ್ನ ಕಡೆ ತಿರುಗಿ, “ಪಾಪ, ನನ್ನ ಮಗನಿಗೋಸ್ಕರ ಎಷ್ಟು ಓಡಿಕೊಂಡು ಬಂದಿದ್ರು ಮಾರಾಯ್ತಿ,” ಎಂದರು.

ಅಪ್ಪ ಆ ಮಾತನ್ನು ಕೇಳಬೇಕಿತ್ತು. ಅಮ್ಮ ಕೇಳಬೇಕಿತ್ತು, ವಿಕ್ಟರ್ ಅಂಕಲ್ ಕೇಳಬೇಕಿತ್ತು. ಅವರೆಲ್ಲ ಉಂಡೆದ್ದ ಆ ಮನೆ, ಬೇಡ, ಅದರ ಒಂದು ಗೋಡೆಯಾದರೂ ಕೇಳಬೇಕಿತ್ತು. ಹತ್ತಿರದ ಮಸೀದಿಯಿಂದ ಸಂಜೆಯ ಬಾಂಗ್ ಶುರುವಾಯಿತು. ಆಂಟಿ ನನ್ನ ಕೈ ಬಿಡದೆ, ಜಲ್ಲಿಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ, ಮಗ ಕಾಯುತ್ತಿದ್ದ ಕಾರಿನ ಕಡೆಗೆ ನಡೆದರು.