ಮೋಟಾರಿಗೊಂದು ಕವೆ

ತರೀಕೆರೆಯ ಮುನೀರ್ ಪಾಷಾ ಎಂಥ ಮೋಟಾರನ್ನಾದರೂ ಒಂದು ನಿಮಿಷ ಕಿವಿಗೊಟ್ಟು ಕೇಳಿ ಅದರ ರೋಗ ಹೇಳುತ್ತಾರೆ. ಪಂಪ್‌ಸೆಟ್ ಕೆಟ್ಟರೆ ಕಡೂರಿನಿಂದಲೂ ಜನ ಅವರ ಶೆಡ್ಡಿಗೆ ಹೊತ್ತು ತರುತ್ತಾರೆ. ಮಾತು ಕಡಿಮೆ. ಅವರ ಪಾಲಿನ ಮಾತನ್ನೂ ಆಡಲು ನಾನಿದ್ದೇನಲ್ಲ, ಜೀಪ್ ಓಡಿಸುವ ಸತೀಶ. ಅವರು ನಮ್ಮೂರಿನವರು ಎಂದು ಎದೆ ತಟ್ಟಿ ಹೇಳುತ್ತೇನೆ. ಆದರೆ ನನ್ನ ತಪ್ಪನ್ನು ಮುಚ್ಚಿಟ್ಟು ಅವರ ಕಥೆ ಹೇಳಲಾಗದು.

ಭದ್ರಾ ಹಿನ್ನೀರಿನ ನಮ್ಮ ಮೀನುಗಾರರ ಸಂಘಕ್ಕೆ ಇರುವುದು ಒಂದೇ ಮೋಟಾರ್ ದೋಣಿ. ವರ್ಷಕ್ಕೊಮ್ಮೆ ಮೀನು ಹಿಡಿಯಲು ಅಜ್ಜಂಪುರದ ಕಡೆಯ ಕೆರೆಗೆ ಅದನ್ನು ಟ್ರೈಲರ್ ಮೇಲೆ ಹೇರಿ ನನ್ನ ಜೀಪಿನಲ್ಲಿ ಎಳೆದೊಯ್ಯುತ್ತೇವೆ. ಹೋದ ವರ್ಷ ಮುನೀರಣ್ಣ ಮೋಟಾರ್ ರಿಪೇರಿ ಮಾಡಿಕೊಟ್ಟ ಮರುದಿನವೇ ನಾನು ಹೊರಟೆ. ನೀರಿನಲ್ಲಿ ತಿರುಗುವ ಫ್ಯಾನು ರಸ್ತೆಗೆ ತಾಗದಿರಲೆಂದು ಮೋಟಾರನ್ನು ಮೇಲೆತ್ತಿ, ಅದರ ಪುಟ್ಟ ಲಾಕಿಗೆ ಸಿಕ್ಕಿಸಿ, ತೆಂಗಿನಕಾಯಿ ಚೀಲ ಬಿಗಿಯುವ ಹಾಗೆ ನಾರಿನ ಹಗ್ಗ ಸುತ್ತಿ, ಅಪ್ಪ ಕಲಿಸಿದ ಗಂಟು ಹಾಕಿದೆ. ಆ ಗಂಟಿಗೆ ಕಾಯಿ ಚೀಲ ಅಲುಗದೆ ಕೂರುತ್ತದೆ. ಮೋಟಾರ್ ಕೂರಲಿಲ್ಲ. ರಸ್ತೆಯ ಒಂದೊಂದು ಉಬ್ಬಿಗೂ ಅದರ ಭಾರ ಕುಟ್ಟಿ ಕುಟ್ಟಿ ಲಾಕು ಮುರಿಯಿತು, ಮೋಟಾರ್ ಕೂರಿಸುವ ಹಿಂದಿನ ಹಲಗೆ ಸೀಳಿತು.

ದೋಣಿಯನ್ನು ಹಾಗೇ ತರೀಕೆರೆಗೆ ವಾಪಸ್ ತಂದಾಗ ಸಂಘದ ಕಾರ್ಯದರ್ಶಿ ಉಗ್ರಪ್ಪ ಎಲ್ಲರೆದುರು ಮುನೀರಣ್ಣನ ಮೇಲೆ ಹರಿಹಾಯ್ದರು. ರಿಪೇರಿ ಮಾಡಿದವನು ನೆಟ್ಟಗೆ ನಟ್ಟು ಬಿಗಿದಿಲ್ಲ ಎಂದರು. ಸಂಘದ ಬಾಡಿಗೆ ಕೈತಪ್ಪೀತೆಂದು ನಾನು ತುಟಿ ಪಿಟಕ್ಕೆನ್ನಲಿಲ್ಲ. ಮುನೀರಣ್ಣ ಹಗ್ಗ ಬಿಚ್ಚಿದರು, ಮೋಟಾರ್ ಹೊತ್ತು ಶೆಡ್ಡಿಗೆ ನಡೆದರು. ಪಾಷಾನ ಕೈ ಸಡಿಲವಾಯಿತೆಂಬ ಮಾತು ಊರೆಲ್ಲ ಹಬ್ಬಿತು. ಕಡೂರಿನವರೂ ಬರುವುದು ಕಡಿಮೆ ಮಾಡಿದರು.

ಈ ವರ್ಷ ಉಗ್ರಪ್ಪ ಬೇರೆ ಮೆಕ್ಯಾನಿಕ್ ನೋಡುತ್ತೇನೆಂದಾಗ ಮುನೀರಣ್ಣ ಒಂದೇ ಒಂದು ಕೇಳಿದರು. ಈ ಸಲ ದೋಣಿಗೆ ಮೋಟಾರ್ ಕಟ್ಟುವುದೂ ತಾನೇ, ಅಜ್ಜಂಪುರದವರೆಗೆ ಜೊತೆಗೆ ಬರುವುದೂ ತಾನೇ. ಹಲಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಇನ್ನು ಸಂಘದ ಮೋಟಾರ್ ಮುಟ್ಟುವುದಿಲ್ಲ ಎಂದರು.

ಹೊರಡುವ ದಿನ ಅವರು ಹಿನ್ನೀರಿನ ದಡಕ್ಕೆ ತಂದದ್ದು ಒಂದು ಕವೆ, ಬಾಳೆಗೊನೆ ಬಾಗದಂತೆ ಆಸರೆ ಕೊಡುತ್ತಾರಲ್ಲ, ಅಂಥ ಕವಲುಗೋಲು. ಮೋಟಾರ್ ಯಾವಾಗ ಗೊನೆ ಬಿಟ್ಟಿತು ಎಂದು ಮೀನುಗಾರರೆಲ್ಲ ಗೇಲಿ ಮಾಡಿದರು. ನಾನೂ ನಕ್ಕೆ, ನಾಚಿಕೆಗೆಟ್ಟವನು. ಅವರು ಕವಲಿಗೆ ಹಳೇ ಟ್ಯೂಬು ಸುತ್ತಿ ಎತ್ತಿದ ಮೋಟಾರಿನ ಕಾಲಿಗೆ ಆನಿಸಿದರು. ಕವೆಯ ಬುಡವನ್ನು ಟ್ರೈಲರಿನ ಕಬ್ಬಿಣಕ್ಕೆ ಬೋಲ್ಟ್ ಹಾಕಿ, ಲಾರಿಯ ಬೆಲ್ಟಿನಿಂದ ಬಿಗಿದು, ಮೇಲೊಂದು ಸರಪಳಿ ಹಾಕಿದರು. ಈಗ ಭಾರ ಬೀಳುವುದು ಟ್ರೈಲರಿನ ಮೇಲೆ. ಲಾಕಿಗೂ ಹಲಗೆಗೂ ಬರಿಯ ಹಿಡಿತದ ಕೆಲಸ.

ಮೂರು ಕಿಲೋಮೀಟರಿಗೇ ಜೀಪ್ ನಿಲ್ಲಿಸು ಎಂದರು. ಕೆಳಗಿಳಿದು ಬೆಲ್ಟು, ಸರಪಳಿ, ತಿರುಪು ಒಂದೊಂದನ್ನೂ ಮುಟ್ಟಿ ನೋಡಿದರು. ಒಂದು ತಿರುಪು ಅರ್ಧ ಸುತ್ತು ಬಿಗಿಸಿಕೊಂಡಿತು. ತರೀಕೆರೆಯಲ್ಲಿ ಮತ್ತೆ ಅದೇ. ನಾನು ಗೊಣಗಿದೆ. ಗೊಣಗುತ್ತಲೇ ನೆನಪಾಯಿತು, ಹೋದ ವರ್ಷ ನಾನು ಒಂದು ಸಲವೂ ನಿಲ್ಲಿಸಿರಲಿಲ್ಲ.

ಕೆರೆಯ ದಂಡೆಯಲ್ಲಿ ಉಗ್ರಪ್ಪ ಬಗ್ಗಿ ಹಲಗೆಯ ಉದ್ದಕ್ಕೂ ಉಗುರಾಡಿಸಿದರು. ಒಂದು ಗೆರೆಯೂ ಇರಲಿಲ್ಲ. ದೋಣಿ ನೀರಿಗಿಳಿಸಿ ಎರಡನೇ ಸಲ ಸ್ಟಾರ್ಟರ್ ಹಗ್ಗ ಎಳೆದಾಗ ಮೋಟಾರ್ ಗುಡುಗಿತು.

"ಈ ಸಲ ನೆಟ್ಟಗೆ ಮಾಡಿದೀಯ ಪಾಷಾ" ಎಂದರು ಉಗ್ರಪ್ಪ.

ಆ 'ಈ ಸಲ' ಕೇಳಿ ನನಗೆ ತಡೆಯಲಾಗಲಿಲ್ಲ. "ಹೋದ್ ಸಲಾನೂ ಅವ್ರು ನೆಟ್ಟಗೇ ಮಾಡಿದ್ರು ಕಣ್ರೀ. ಕಟ್ಟಿದ್ದು ನಾನು, ಕೆಡಿಸಿದ್ದೂ ನಾನು" ಎಂದೆ, ಎಲ್ಲರಿಗೂ ಕೇಳುವಂತೆ.

ಉಗ್ರಪ್ಪ ನನ್ನನ್ನು ಸುಡುವಂತೆ ನೋಡಿ, ಆಮೇಲೆ ಮುನೀರಣ್ಣನ ಎರಡೂ ಕೈ ಹಿಡಿದುಕೊಂಡರು. ನಾನು ತಲೆ ತಗ್ಗಿಸಿ ನಿಂತಿದ್ದೆ.

"ಗೊತ್ತಿತ್ತು ಕಣೋ ಸತೀಶ" ಎಂದರು ಮುನೀರಣ್ಣ. "ನಿನ್ ಗಂಟು ಬಿಚ್ಚಿದ್ದು ನಾನೇ ಅಲ್ವಾ. ನೀನೇ ಹೇಳ್ಲಿ ಅಂತ ಇದ್ದೆ." ಕವೆಯನ್ನು ನನ್ನ ಕೈಗಿಟ್ಟರು. "ವಾಪಸ್ ಹೋಗೋವಾಗ ನೀನೇ ಕಟ್ಟು."

ಕಟ್ಟಿದೆ. ಮೂರು ಕಿಲೋಮೀಟರಿಗೆ, ಅವರು ಹೇಳುವ ಮೊದಲೇ ನಿಲ್ಲಿಸಿದೆ.